ಹುಲ್ಲಿನಂಗಳದಲ್ಲಿ ಬೀ ಆರ್ಕಿಡ್ ಬಂದಿದೆ: ಹೇಗೆ ನೋಡಿಕೊಳ್ಳಬೇಕು?

ಲೂಟನ್ ವಾಸಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನಲ್ಲಿ, ಡನ್‌ಸ್ಟಬಲ್ ಡೌನ್ಸ್ ಗುಡ್ಡಗಳ ಹತ್ತಿರ. ಬಡಾವಣೆ ಆಗಿ ಹತ್ತು ವರ್ಷದ ಮೇಲಾಯಿತು. ಮನೆ ಹಿಂದೆ ಸಣ್ಣ ಹುಲ್ಲಿನಂಗಳ ಇದೆ. ಬೇಲಿ ಪಕ್ಕ ಹುಲ್ಲು ತೆಳ್ಳಗಿರುವ ಕಡೆ ಈ ಜೂನ್‌ನಲ್ಲಿ ಗೇಣುದ್ದದ ಒಂದು ಕಡ್ಡಿ ಎದ್ದಿದೆ. ಅದರ ತುಂಬ ಹೂ. ಹಿಂದೆ ಮೂರು ತಿಳಿಗುಲಾಬಿ ಎಸಳು, ಮುಂದೆ ಕಂದು ಮಖಮಲ್ಲಿನ ತುಟಿ, ಅದರ ಮೇಲೆ ಹಳದಿ ಗೆರೆ. ನೋಡಿದ ತಕ್ಷಣ ಜೇನ್ನೊಣ ಕೂತಿದೆ ಅನ್ನಿಸುತ್ತದೆ. ಪಕ್ಕದ ಮನೆಯ ಅಜ್ಜಿ ಬಂದು ನೋಡಿ "ಬೀ ಆರ್ಕಿಡ್" ಎಂದರು. ಅವರ ಸಂಭ್ರಮ ನೋಡಿದ ಮೇಲೆ ಇದು ಸಾಮಾನ್ಯ ಹೂವಲ್ಲ ಅಂತ ಗೊತ್ತಾಯಿತು.

ನನ್ನ ಪ್ರಶ್ನೆಗಳು: ಹುಲ್ಲು ಕತ್ತರಿಸಬಹುದಾ? ಗೊಬ್ಬರ ಹಾಕಬೇಕಾ? ಕುಂಡಕ್ಕೆ ತೆಗೆದರೆ ಬದುಕುತ್ತದಾ? ಮೈಸೂರಿನಲ್ಲಿರುವ ಅಮ್ಮನಿಗೆ ಫೋಟೋ ಕಳಿಸಿದೆ. ಬರುವಾಗ ಒಂದು ಗಡ್ಡೆ ತಂದುಕೊಡು ಅಂತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಹುಲ್ಲುಗಾವಲು

ಮೊದಲು ಅಭಿನಂದನೆ. ಬೆಡ್‌ಫರ್ಡ್‌ಶೈರ್‌ಗೆ ಇದು ಜಿಲ್ಲಾ ಹೂ. 2002ರಲ್ಲಿ ಕಾಡುಗಿಡಗಳನ್ನು ಕಾಪಾಡುವ ಪ್ಲಾಂಟ್‌ಲೈಫ್ ಸಂಸ್ಥೆ ಜನರ ಮತ ಕೇಳಿದಾಗ ನಿಮ್ಮ ಜಿಲ್ಲೆಯವರು ಆರಿಸಿದ್ದು ಇದನ್ನೇ.

ತುರ್ತಿನ ಉತ್ತರ ಮೊದಲು ಕೊಡುತ್ತೇನೆ. ಗೊಬ್ಬರ ಬೇಡ. ಕೀಳುವುದು ಬೇಡ. ಹೂವಿನ ಸುತ್ತ ಯಂತ್ರ ಓಡಿಸುವುದು ಸದ್ಯಕ್ಕೆ ಬೇಡ. ನಾಲ್ಕು ಕಡ್ಡಿ ನೆಟ್ಟು ದಾರ ಕಟ್ಟಿ, ಮನೆಯವರಿಗೆಲ್ಲ ಹೇಳಿಬಿಡಿ. ಇಷ್ಟು ಇವತ್ತೇ ಮಾಡಿ. ಉಳಿದದ್ದು ನಿಧಾನಕ್ಕೆ ಓದಿ.

ನಾನು ಈ ಗುಡ್ಡಗಳಲ್ಲಿ ಸ್ವಯಂಸೇವಕನಾಗಿ ಪೊದೆ ಕಡಿಯಲು ಹೋಗುತ್ತೇನೆ. ಅಲ್ಲಿ ಕಲಿತ ದೊಡ್ಡ ಪಾಠ ಒಂದೇ. ಈ ಆರ್ಕಿಡ್‌ಗೆ ಬಡ ಮಣ್ಣೇ ಬೇಕು. ನಾವು ಪ್ರೀತಿಯಿಂದ ಕೊಡುವ ಗೊಬ್ಬರ, ಒಳ್ಳೆ ಮಣ್ಣು, ಜಾಸ್ತಿ ನೀರು, ಇವೆಲ್ಲ ಸೇರುವುದು ಅದರ ಶತ್ರುವಿಗೆ. ಶತ್ರು ಅಂದರೆ ಹುಲ್ಲು.

ನಿಮ್ಮ ಕಾಲ ಕೆಳಗಿರುವುದು ಸೀಮೆಸುಣ್ಣದ ಕಲ್ಲು. ಡೈನೋಸಾರ್‌ಗಳ ಕಾಲದಲ್ಲಿ ಇಲ್ಲಿ ಸಮುದ್ರ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಸುಣ್ಣದ ಚಿಪ್ಪುಗಳು ತಳಕ್ಕೆ ಬಿದ್ದು, ಕೋಟ್ಯಂತರ ವರ್ಷ ಒತ್ತಿ ಈ ಕಲ್ಲಾಗಿದೆ. ಅದರ ಮೇಲೆ ಇಳಿಜಾರಿನಲ್ಲಿ ಮಣ್ಣು ಇರುವುದು ಕೆಲವೇ ಅಂಗುಲ. ಆ ಮಣ್ಣಿನಲ್ಲಿ ಸುಣ್ಣ ಎಷ್ಟಿದೆ ಅಂದರೆ ರಂಜಕವನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಕಬ್ಬಿಣವೂ ಬೇರಿಗೆ ಸುಲಭಕ್ಕೆ ಸಿಗದು. ಮಳೆ ನೀರು ಬೇಗ ಇಳಿದುಹೋಗುತ್ತದೆ. ಆದರೆ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ತೇವ ಉಳಿದಿರುತ್ತದೆ. ಹೀಗಾಗಿ ಗಡ್ಡೆ ಕೊಳೆಯುವುದಿಲ್ಲ, ಪೂರ್ತಿ ಒಣಗುವುದೂ ಇಲ್ಲ.

ಇಂಥ ಕಡೆ ಸೊಕ್ಕಿ ಬೆಳೆಯುವ ಹುಲ್ಲಿಗೆ ಜಾಗವಿಲ್ಲ. ಯಾವ ಗಿಡವೂ ಇನ್ನೊಂದನ್ನು ತುಳಿಯುವಷ್ಟು ಬಲಿಯುವುದಿಲ್ಲ. ಒಳ್ಳೆ ಸುಣ್ಣದ ಹುಲ್ಲುಗಾವಲಿನ ಒಂದು ಚದರ ಮೀಟರ್ ಒಳಗೆ 40 ಜಾತಿಯ ಗಿಡಗಳು ಸಿಗುವುದುಂಟು. ಕಾಡು ಥೈಮ್, ಬರ್ಡ್ಸ್‌ಫುಟ್ ಟ್ರೆಫಾಯಿಲ್, ಕುದುರೆಲಾಳದ ಆಕಾರದ ಕಾಯಿ ಬಿಡುವ ವೆಚ್, ಜೊತೆಗೆ ಆರ್ಕಿಡ್‌ಗಳು. ಆ ಗುಂಪಿನ ಒಬ್ಬ ಸದಸ್ಯ ನಿಮ್ಮ ಮನೆಗೆ ಬಂದಿದ್ದಾನೆ.

ಪ್ರಶ್ನೆ ಕೇಳುವವಳು

ಬಹಳ ಚೆನ್ನಾಗಿ ಹೇಳಿದಿರಿ ಸರ್. ಆದರೆ ಮನೆಯಂಗಳಕ್ಕೆ ಇದು ಬಂದಿದ್ದು ಹೇಗೆ? ಯಾರೂ ನೆಟ್ಟಿಲ್ಲ ಅಲ್ವಾ?

ಹುಲ್ಲುಗಾವಲು

ಗಾಳಿ ತಂದಿದೆ. ಆರ್ಕಿಡ್ ಬೀಜ ಅಂದರೆ ರಾಗಿ ಹಿಟ್ಟಿಗಿಂತ ಹಗುರ ಧೂಳು. ಒಂದೊಂದು ಕಾಯಿಯೊಳಗೆ ಸಾವಿರಾರು. ಚಾರ್ಲ್ಸ್ ಡಾರ್ವಿನ್ ಇಲ್ಲಿನ ಇನ್ನೊಂದು ಸಾಮಾನ್ಯ ಆರ್ಕಿಡ್‌ನ ಬೀಜ ಎಣಿಸಿ ಲೆಕ್ಕ ಹಾಕಿದಾಗ ಒಂದೇ ಗಿಡದಲ್ಲಿ 1,86,300 ಬೀಜ ಬಂತು. ಎಲ್ಲವೂ ಮೊಳೆತರೆ ಅದರ ಮರಿಮಕ್ಕಳು ಭೂಮಿಯ ನೆಲವನ್ನೆಲ್ಲ ಮುಚ್ಚಿಬಿಡುತ್ತವೆ ಎಂದು ಅವರು ಬರೆದರು.

ಹಾಗೆ ಆಗುವುದಿಲ್ಲ, ಏಕೆಂದರೆ ಆ ಧೂಳಿನಲ್ಲಿ ಆಹಾರವೇ ಇಲ್ಲ. ಅವರೆಬೀಜವನ್ನು ಬಿಡಿಸಿದರೆ ಎರಡು ಬೇಳೆ ಸಿಗುತ್ತದೆ, ಸಸಿ ಮೊದಲ ದಿನಗಳಲ್ಲಿ ಅದನ್ನೇ ತಿಂದು ಬೆಳೆಯುತ್ತದೆ. ಆರ್ಕಿಡ್‌ಗೆ ಆ ಬುತ್ತಿ ಇಲ್ಲ. ಮಣ್ಣಿನಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿ, ಅದರ ಎಳೆ ಬೀಜದ ಒಳಗೆ ಹೊಕ್ಕು ಆಹಾರ ಕೊಟ್ಟರೆ ಮಾತ್ರ ಮೊಳಕೆ. ಇದನ್ನು ಮೊದಲು ಕಂಡುಕೊಂಡವರು ಫ್ರಾನ್ಸಿನ ನೋಯೆಲ್ ಬರ್ನಾರ್, 1899ರಲ್ಲಿ. ಅಲ್ಲಿಯ ತನಕ ಆರ್ಕಿಡ್ ಬೀಜ ಏಕೆ ಮೊಳೆಯುವುದಿಲ್ಲ ಅಂತ ತೋಟಗಾರರು ತಲೆ ಕೆಡಿಸಿಕೊಂಡಿದ್ದರು.

ಮೊಳೆತ ಮೇಲೂ ಆತುರವಿಲ್ಲ. ಮಣ್ಣಿನ ಕೆಳಗೆ ಶಿಲೀಂಧ್ರದ ಜೊತೆ ಬದುಕುತ್ತ, ಗಡ್ಡೆ ಕಟ್ಟುತ್ತ ಇರುತ್ತದೆ. ಬೀಜದಿಂದ ಹೂವಿಗೆ ಐದರಿಂದ ಎಂಟು ವರ್ಷ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಂದರೆ ನಿಮ್ಮ ಬಡಾವಣೆಯ ಮಣ್ಣು ಅಗೆದು ಹರಡಿದ ಸ್ವಲ್ಪ ಸಮಯಕ್ಕೇ ಬೀಜ ಬಿದ್ದಿರಬೇಕು. ಕಟ್ಟಡದ ಕೆಲಸದಲ್ಲಿ ಅಡಿಮಣ್ಣು, ಸುಣ್ಣದ ಚೂರು ಮೇಲೆ ಬಂದಿರುತ್ತದೆ. ಬೀ ಆರ್ಕಿಡ್‌ಗೆ ಅಂಥ ಕೆದಕಿದ ಬಡ ನೆಲ ಇಷ್ಟ. ಹಳೆ ಕ್ವಾರಿ, ರಸ್ತೆ ಬದಿ, ರೈಲು ದಾರಿ, ಕಾರ್ಖಾನೆಯ ಪಾಳು ಜಾಗ, ಎಲ್ಲೆಲ್ಲೋ ಏಳುತ್ತದೆ. ನಿಮಗೆ ಹತ್ತಿರದ ಟಾಟರ್ನ್‌ಹೋ ಕೂಡ ಹಳೆಯ ಕಲ್ಲುಗಣಿಯೇ. ಈಗ ಅಲ್ಲಿ ಆರ್ಕಿಡ್ ನೋಡಲು ಜನ ಬರುತ್ತಾರೆ.

ಕೆಂಟ್ ಕನ್ನಡಿಗ

ಡಾರ್ವಿನ್ ಹೆಸರು ಬಂದಿದ್ದರಿಂದ ಒಂದು ಮಾತು ಸೇರಿಸುತ್ತೇನೆ. ಅವರ ಊರು ಡೌನ್ ನಮಗೆ ದೂರವಿಲ್ಲ. 1842ರಲ್ಲಿ ಅಲ್ಲಿಗೆ ಬಂದು ಕೊನೆಯ ತನಕ ಅಲ್ಲೇ ಇದ್ದರು. ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಸುಣ್ಣದ ಇಳಿಜಾರು ಒಂದಿದೆ. ಅವರ ಮನೆಯವರು ಅದನ್ನು ಆರ್ಕಿಸ್ ಬ್ಯಾಂಕ್ ಎನ್ನುತ್ತಿದ್ದರು. ಈಗ ಅದು ಕೆಂಟ್ ವೈಲ್ಡ್‌ಲೈಫ್ ಟ್ರಸ್ಟ್ ನೋಡಿಕೊಳ್ಳುವ ಜಾಗ. ಆರ್ಕಿಡ್‌ಗಳನ್ನು ಕೀಟಗಳು ಹೇಗೆ ಪರಾಗಸ್ಪರ್ಶ ಮಾಡುತ್ತವೆ ಎಂಬ ಅವರ ಪುಸ್ತಕ 1862ರಲ್ಲಿ ಬಂತು.

ಅದರಲ್ಲಿ ಬೀ ಆರ್ಕಿಡ್ ಅವರಿಗೆ ದೊಡ್ಡ ಒಗಟಾಗಿತ್ತು. ಬೇರೆ ಎಲ್ಲ ಆರ್ಕಿಡ್‌ಗಳು ಕೀಟವನ್ನು ಕರೆಯಲು ಇಷ್ಟೆಲ್ಲ ಉಪಾಯ ಮಾಡುತ್ತಿವೆ. ಇದು ಮಾತ್ರ ಯಾರನ್ನೂ ಕಾಯುವುದಿಲ್ಲ. ಹೂ ಬಿರಿದ ಸ್ವಲ್ಪ ಹೊತ್ತಿಗೆ ಪರಾಗದ ಎರಡು ಹಳದಿ ಗಂಟುಗಳು ತಮ್ಮ ತೆಳು ದಾರದ ಮೇಲೆ ಮುಂದಕ್ಕೆ ಜೋತು ಬೀಳುತ್ತವೆ. ಗಾಳಿ ಬೀಸಿದಾಗ ಅಲ್ಲಾಡಿ ಅದೇ ಹೂವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ಭಾಗಕ್ಕೆ, ಅಂಟುತ್ತವೆ. ಲೂಟನ್ ಅವರೇ, ನಾಳೆ ಬೆಳಿಗ್ಗೆ ಬಗ್ಗಿ ನೋಡಿ. ಭೂತಕನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಮೇಲಿನ ಹೊಸ ಹೂವಿನಲ್ಲಿ ಗಂಟು ಒಳಗೇ ಇರುತ್ತದೆ, ಕೆಳಗಿನ ಹಳೆ ಹೂವಿನಲ್ಲಿ ಜೋತಾಡುತ್ತಿರುತ್ತದೆ.

ಪ್ರಶ್ನೆ ಕೇಳುವವಳು

ಹಾಗಾದರೆ ಜೇನ್ನೊಣದ ವೇಷ ಯಾಕೆ?

ಕೆಂಟ್ ಕನ್ನಡಿಗ

ದಕ್ಷಿಣದ ಬಿಸಿಲು ನಾಡುಗಳಲ್ಲಿ, ಮೆಡಿಟರೇನಿಯನ್ ಕಡೆ, ಉದ್ದ ಮೀಸೆಯ ಒಂದು ಒಂಟಿ ಜೇನ್ನೊಣ ಇದೆ, ಯೂಸೆರಾ ಅಂತ. ಹೂವಿನ ತುಟಿ ಹೆಣ್ಣು ನೊಣದಂತೆ ಕಾಣುತ್ತದೆ. ಅಷ್ಟೇ ಅಲ್ಲ, ಹೆಣ್ಣಿನ ವಾಸನೆಯನ್ನೂ ಬೀರುತ್ತದೆ. ಗಂಡು ಮೋಸ ಹೋಗಿ ಕೂಡಲು ಬರುತ್ತದೆ, ಪರಾಗದ ಗಂಟು ತಲೆಗೆ ಅಂಟಿಸಿಕೊಂಡು ಇನ್ನೊಂದು ಹೂವಿಗೆ ಹೋಗುತ್ತದೆ. ಈ ಜಾತಿಯ ಆರ್ಕಿಡ್‌ಗಳ ಈ ಗುಟ್ಟನ್ನು ಬಿಡಿಸಿದವರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ನ್ಯಾಯಾಧೀಶ ಪುಯಾನ್ ಮುಖ್ಯರು. ಅವರ ಬರಹ ಅಚ್ಚಾದದ್ದು 1916ರಲ್ಲಿ, ಡಾರ್ವಿನ್ ತೀರಿಕೊಂಡು ಮೂವತ್ತು ವರ್ಷ ದಾಟಿದ ಮೇಲೆ. ಬ್ರಿಟನ್ನಿನಲ್ಲಿ ಬೀ ಆರ್ಕಿಡ್ ಬಹುತೇಕ ಸ್ವಂತ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಉತ್ತರಕ್ಕೆ ಇಷ್ಟು ದೂರ ಹರಡಲು ಅದೇ ಸಹಾಯ ಮಾಡಿದೆ ಅಂತ ನನ್ನ ಅನಿಸಿಕೆ. ನೊಣ ಇಲ್ಲದ ಊರಲ್ಲೂ ಒಂದೇ ಗಿಡದಿಂದ ಸಂಸಾರ ಶುರುವಾಗುತ್ತದೆ.

ಪಕ್ಕದಲ್ಲೇ ಬೆಳೆಯುವ ಪಿರಮಿಡಲ್ ಆರ್ಕಿಡ್ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ಚಿಟ್ಟೆ, ಪತಂಗ ಬೇಕೇ ಬೇಕು. ಅದರ ಪರಾಗದ ಗಂಟು ಚಿಟ್ಟೆಯ ನಾಲಿಗೆಗೆ ಕುದುರೆಯ ಜೀನಿನ ಹಾಗೆ ಸುತ್ತಿಕೊಳ್ಳುತ್ತದೆ.

ಕುಂಡದ ತೋಟ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕುಂಡದಲ್ಲಿ ಬೀ ಆರ್ಕಿಡ್ ಬೆಳೆಯಲು ಬರುತ್ತದೆ, ನಾನು ಬೆಳೆಯುತ್ತಿದ್ದೇನೆ. ಆದರೆ ಕಾಡಿನ ಗಿಡ ಕಿತ್ತು ಅಲ್ಲ. ಪ್ರಯೋಗಾಲಯದಲ್ಲಿ ಬೀಜದಿಂದ ಮಾಡಿದ ಗಡ್ಡೆಗಳನ್ನು ಮಾರುವ ನರ್ಸರಿಗಳು ಇವೆ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಶಿಲೀಂಧ್ರವಿಲ್ಲದೆ, ಸಕ್ಕರೆ ಸೇರಿಸಿದ ಅಗರ್ (ಕಡಲಪಾಚಿಯಿಂದ ಮಾಡುವ ಲೋಳೆ) ಮೇಲೆ ಆರ್ಕಿಡ್ ಬೀಜ ಮೊಳೆಸುವ ದಾರಿ ತೋರಿಸಿದರು. ಇವತ್ತಿನ ಆರ್ಕಿಡ್ ವ್ಯಾಪಾರದ ಬೇರು ಅದರಲ್ಲೇ ಇದೆ.

ನಾನು ಹಾಕುವ ಮಿಶ್ರಣ: ಒಂದು ಪಾಲು ಗೊಬ್ಬರವಿಲ್ಲದ ತೋಟದ ಮಣ್ಣು, ಒಂದು ಪಾಲಿಗಿಂತ ಜಾಸ್ತಿ ಒರಟು ಮರಳು ಮತ್ತು ಗ್ರಿಟ್ (ಸಣ್ಣ ಕಲ್ಲುಚೂರು), ಒಂದು ಹಿಡಿ ಸುಣ್ಣಕಲ್ಲಿನ ಚೂರು, ಸ್ವಲ್ಪ ಚೆನ್ನಾಗಿ ಕೊಳೆತ ಎಲೆಗೊಬ್ಬರ. ಮಣ್ಣಿನ ಕುಂಡ. ನೀರು ನಿಲ್ಲಲೇಬಾರದು. ಮುಖ್ಯ ವಿಷಯ ಕಾಲ. ಗಡ್ಡೆಯನ್ನು ಬೇಸಿಗೆಯ ಕೊನೆಗೆ ನೆಡಬೇಕು. ಸೆಪ್ಟೆಂಬರ್‌ನಿಂದ ನೀರು ಶುರು. ಚಳಿಗಾಲವೆಲ್ಲ ಎಲೆ ಹಸಿರಾಗಿರುತ್ತದೆ, ಆಗ ಬೆಳಕು ಬೇಕು. ಹಿಮ ಬಿದ್ದರೆ ಸಾಯುವುದಿಲ್ಲ, ಆದರೆ ಕುಂಡ ಪೂರ್ತಿ ಹೆಪ್ಪುಗಟ್ಟಿ ದಿನಗಟ್ಟಲೆ ಹಾಗೇ ಇರಬಾರದು. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಇಟ್ಟರೆ ಸಾಕು. ಜೂನ್‌ನಲ್ಲಿ ಹೂ. ಎಲೆ ಒಣಗಿದ ಮೇಲೆ ನೀರು ಬಹುತೇಕ ನಿಲ್ಲಿಸಬೇಕು. ಬಸವನಹುಳು ಮತ್ತು ಗೊಂಡೆಹುಳು ರಾತ್ರೋರಾತ್ರಿ ಮುಗಿಸಿಬಿಡುತ್ತವೆ, ಕಣ್ಣಿಟ್ಟಿರಬೇಕು.

ಇದೆಲ್ಲ ಇಷ್ಟಪಟ್ಟು ಮಾಡುವವರಿಗೆ ತಪ್ಪೇನಿಲ್ಲ ಅಲ್ವಾ?

ಹುಲ್ಲುಗಾವಲು

ತಪ್ಪಿಲ್ಲ. ನರ್ಸರಿಯಲ್ಲಿ ಬೀಜದಿಂದ ಬೆಳೆದದ್ದು ಅಂತ ಖಾತ್ರಿ ಇದ್ದರೆ ಸಂತೋಷ. ಆ ಖಾತ್ರಿ ಕೇಳದೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಕೊಳ್ಳಬೇಡಿ ಎಂದು ಮಾತ್ರ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಆದರೆ ಲೂಟನ್ ಅವರ ಗಿಡದ ವಿಷಯ ಬೇರೆ. ಅದಕ್ಕೆ ಬೇಕಾದ ಶಿಲೀಂಧ್ರ ಆ ಜಾಗದ ಮಣ್ಣಿನಲ್ಲಿದೆ, ಅದಕ್ಕೇ ಅದು ಅಲ್ಲಿ ಹುಟ್ಟಿತು. ಹೂ ಇರುವಾಗ ಅಗೆದರೆ ಹಳೆ ಗಡ್ಡೆ ಸೊರಗಿರುತ್ತದೆ, ಮುಂದಿನ ವರ್ಷದ ಹೊಸ ಗಡ್ಡೆ ಇನ್ನೂ ತುಂಬುತ್ತಿರುತ್ತದೆ. ಅದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ.

ಕಾನೂನು ಕೂಡ ತಿಳಿದಿರಲಿ. ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆ ಪ್ರಕಾರ ಜಮೀನಿನ ಒಡೆಯರ ಒಪ್ಪಿಗೆ ಇಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳುವಂತಿಲ್ಲ. ಮಂಕಿ ಆರ್ಕಿಡ್, ಮಿಲಿಟರಿ ಆರ್ಕಿಡ್‌ನಂಥ ಅಪರೂಪದವಕ್ಕೆ ಇನ್ನೂ ಬಿಗಿಯಾದ ರಕ್ಷಣೆ ಇದೆ, ಅವುಗಳ ಹೂ ಕೂಡ ಕೀಳಬಾರದು. ನಿಮ್ಮ ಸ್ವಂತ ಅಂಗಳ ಬೇರೆ ಮಾತು, ಆದರೂ ಬೇಡ.

ಅಮ್ಮನಿಗೆ ಗಡ್ಡೆ ಒಯ್ಯುವ ಯೋಚನೆ ದಯವಿಟ್ಟು ಬಿಡಿ. ಎಲ್ಲ ಆರ್ಕಿಡ್‌ಗಳೂ ಸೈಟಿಸ್ ಒಪ್ಪಂದದ, ಅಂದರೆ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಪಟ್ಟಿಯಲ್ಲಿವೆ. ಅನುಮತಿ ಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗಡಿ ದಾಟಿಸುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೈಸೂರಿನಲ್ಲಿ ಅದು ಬದುಕುವುದಿಲ್ಲ.

ಸೇಡಂ ಕಡೆಯವನು

ನಮಸ್ಕಾರ್ರೀ. ನಾನು ಕಲಬುರಗಿ ಜಿಲ್ಲೆಯವನು. ನಮ್ಮ ಕಡೆ ನೆಲದ ಕೆಳಗೆ ಎಲ್ಲಾ ಸುಣ್ಣಕಲ್ಲೇ. ಶಹಾಬಾದ್ ಕಲ್ಲು ಎಲ್ಲರಿಗೂ ಗೊತ್ತು. ಸಿಮೆಂಟ್ ಕಾರ್ಖಾನೆಗಳು ಬಂದಿದ್ದೂ ಅದಕ್ಕೇ. ಎರೆಮಣ್ಣಿನಲ್ಲೂ ಸುಣ್ಣದ ಹರಳು ಸಿಗುತ್ತದೆ. ಸುಣ್ಣವೇ ಬೇಕು ಅಂದರೆ ನಮ್ಮಲ್ಲಿ ಯಾಕೆ ಬರಬಾರದು?

ಹುಲ್ಲುಗಾವಲು

ಒಳ್ಳೆ ಪ್ರಶ್ನೆ ಅಣ್ಣ. ಸುಣ್ಣ ಇದ್ದರಷ್ಟೇ ಸಾಲದು. ಎರಡು ಕಾರಣ ಹೇಳುತ್ತೇನೆ.

ಒಂದು, ಎರೆಮಣ್ಣು ಜಿಗುಟು. ಮಳೆಗಾಲದಲ್ಲಿ ನೀರು ಹಿಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆ ಗಡ್ಡೆಗೆ ಎರಡೂ ಆಗದು.

ಎರಡನೆಯದು ದೊಡ್ಡದು. ಈ ಗಿಡದ ಪಂಚಾಂಗವೇ ನಮ್ಮ ನೆಲಕ್ಕೆ ತಿರುವುಮುರುವು. ಬೀ ಆರ್ಕಿಡ್ ಮೆಡಿಟರೇನಿಯನ್ ನೆಂಟ. ಅಲ್ಲಿ ಮಳೆ ಬರುವುದು ತಂಪಿನ ಕಾಲದಲ್ಲಿ, ಬೇಸಿಗೆ ಒಣ. ಅದಕ್ಕೆ ಹೊಂದಿಕೊಂಡು ಇದು ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಎಲೆ ಬಿಡುತ್ತದೆ, ಚಳಿಗಾಲ ಪೂರ್ತಿ ನೆಲಕ್ಕೆ ಒತ್ತಿಕೊಂಡು ಬಿಸಿಲು ಕುಡಿಯುತ್ತದೆ, ಬೇಸಿಗೆ ಶುರುವಾಗುವಾಗ ಹೂ ಬಿಟ್ಟು, ಮೇಲಿನ ಭಾಗವೆಲ್ಲ ಒಣಗಿಸಿಕೊಂಡು ಮಲಗುತ್ತದೆ. ಕಲಬುರಗಿಯಲ್ಲಿ ಅದು ಮಲಗುವ ಹೊತ್ತಿಗೆ ಮುಂಗಾರು ಸುರಿಯುತ್ತದೆ, ಗಡ್ಡೆ ಕೊಳೆಯುತ್ತದೆ. ಏಳುವ ಹೊತ್ತಿಗೆ ಮಳೆ ಮುಗಿದು ನೆಲ ಒಣಗುತ್ತಿರುತ್ತದೆ. ಹೂ ಕಡ್ಡಿ ಎತ್ತಬೇಕಾದ ಏಪ್ರಿಲ್, ಮೇ ತಿಂಗಳ ಬಿಸಿಲಿನ ಮಾತು ನಿಮಗೆ ನಾನು ಹೇಳಬೇಕಾಗಿಲ್ಲ.

ಮಲೆನಾಡ ಸಸಿ

ಈ ಪಂಚಾಂಗದ ಮಾತು ಓದಿ ಖುಷಿ ಆಯಿತು. ನಮ್ಮ ಕಡೆ ನೆಲದ ಆರ್ಕಿಡ್‌ಗಳು ಇವೆಯಲ್ಲ, ಅವುಗಳದ್ದು ಸರಿಯಾಗಿ ಇದರ ಉಲ್ಟಾ ಲೆಕ್ಕ. ಆರ್ಕಿಡ್ ಅಂದರೆ ನಮ್ಮ ಜನಕ್ಕೆ ಮರದ ಮೇಲೆ ಜೋತಾಡುವ ಸೀತಾಳೆ ದಂಡೆ ಮಾತ್ರ ನೆನಪಾಗುತ್ತದೆ. ಆದರೆ ಬೇಣದಲ್ಲಿ, ಜಂಬಿಟ್ಟಿಗೆ ಹಾಸಿನ ಮೇಲೆ, ಕುದುರೆಮುಖ ಮತ್ತು ಬಾಬಾಬುಡನ್‌ಗಿರಿ ಕಡೆಯ ಹುಲ್ಲುಗುಡ್ಡಗಳಲ್ಲಿ ಹ್ಯಾಬಿನೇರಿಯಾ ಜಾತಿಯವು ಎಷ್ಟೊಂದಿವೆ. ಮೊದಲ ಮಳೆ ಬಿದ್ದ ಮೇಲೆ ಗಡ್ಡೆ ಚಿಗುರುತ್ತದೆ. ಹ್ಯಾಬಿನೇರಿಯಾ ಗ್ರಾಂಡಿಫ್ಲೋರಿಫಾರ್ಮಿಸ್ ಅಂತೂ ಒಂದೋ ಎರಡೋ ದುಂಡನೆಯ ಎಲೆಯನ್ನು ನೆಲಕ್ಕೆ ಅಂಟಿಸಿ, ಮೇಲೆ ಬಿಳಿ ಹೂ ಬಿಡುತ್ತದೆ. ಮಳೆಗಾಲ ಕಳೆದರೆ ಮತ್ತೆ ಮಾಯ. ಬೇಸಿಗೆಯಲ್ಲಿ ಹೋದವರಿಗೆ ಅಲ್ಲಿ ಬರೀ ಒಣ ಹುಲ್ಲು ಕಾಣುತ್ತದೆ.

ಮಣ್ಣು ಮಾತ್ರ ಬೇರೆ. ನಮ್ಮದು ಕೆಂಪು ಹುಳಿ ಮಣ್ಣು, ನಿಮ್ಮದು ಬಿಳಿ ಸುಣ್ಣ. ಬಡತನ ಎರಡಕ್ಕೂ ಒಂದೇ. ಅಲ್ಲಿ ಗೊಬ್ಬರ ಹಾಕಿ ಹುಲ್ಲುಗಾವಲು ಕೆಡಿಸಿದರು, ಇಲ್ಲಿ "ಪಾಳು ಜಾಗ" ಎಂದು ಕರೆದು ಅಕೇಸಿಯಾ ನೆಟ್ಟರು. ಮರ ನೆಡುವುದೆಲ್ಲ ಒಳ್ಳೆಯದೇ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನೆರಳು ಬಿದ್ದರೆ ಈ ಗಿಡಗಳು ಉಳಿಯುವುದಿಲ್ಲ ಅಂತ ಯಾರಿಗೆ ಹೇಳೋಣ?

ಲೂಟನ್ ಅವರೇ, ಅಮ್ಮನನ್ನು ಜುಲೈನಲ್ಲಿ ಒಮ್ಮೆ ಚಿಕ್ಕಮಗಳೂರು ಕಡೆ ಕರೆದುಕೊಂಡು ಹೋಗಿ. ಅವರದೇ ನಾಡಿನ ನೆಲದ ಆರ್ಕಿಡ್ ತೋರಿಸಿ.

ಲೂಟನ್ ವಾಸಿ

ಅಮ್ಮನಿಗೆ ಓದಿ ಹೇಳಿದೆ. ಒಪ್ಪಿಕೊಂಡರು. ಗಡ್ಡೆಯ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಮಳೆಗಾಲದಲ್ಲಿ ರಜೆ ಹಾಕುತ್ತೇನೆ.

ಈಗ ಹುಲ್ಲಿನ ವಿಷಯ ಹೇಳಿ. ಆ ಕಡೆಯೆಲ್ಲ ಕತ್ತರಿಸದೇ ಬಿಟ್ಟುಬಿಟ್ಟರೆ ಸಾಕಾ? ಇಲ್ಲಿ ಮೇ ತಿಂಗಳು ಹುಲ್ಲು ಕತ್ತರಿಸಬೇಡಿ ಅಂತ ಪ್ರಚಾರ ಮಾಡುತ್ತಾರಲ್ಲ?

ಹುಲ್ಲುಗಾವಲು

ಇದು ಬಹಳ ಜನಕ್ಕೆ ಗೊಂದಲ ಇರುವ ಜಾಗ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪ್ಲಾಂಟ್‌ಲೈಫ್‌ನವರ ನೋ ಮೋ ಮೇ ಪ್ರಚಾರ 2019ರಲ್ಲಿ ಶುರುವಾಯಿತು. ಒಳ್ಳೆ ಕೆಲಸ. ಎಷ್ಟೋ ಜನ ತಮ್ಮ ಅಂಗಳದಲ್ಲಿ ಆರ್ಕಿಡ್ ಇದೆ ಅಂತ ತಿಳಿದುಕೊಂಡದ್ದೇ ಯಂತ್ರ ನಿಲ್ಲಿಸಿದ ಮೇಲೆ. ಆದರೆ ಬಿಟ್ಟುಬಿಡುವುದು ಅರ್ಧ ಕೆಲಸ. ಬಿಟ್ಟೇ ಬಿಟ್ಟರೆ ಒಂದೆರಡು ವರ್ಷಕ್ಕೆ ಒರಟು ಹುಲ್ಲು ಮೇಲೇಳುತ್ತದೆ, ಸತ್ತ ಹುಲ್ಲು ಚಾಪೆಯಂತೆ ನೆಲ ಮುಚ್ಚುತ್ತದೆ. ಆಮೇಲೆ ಮುಳ್ಳಿನ ಪೊದೆ, ಹಾಥಾರ್ನ್, ಡಾಗ್‌ವುಡ್. ಆಮೇಲೆ ಕಾಡು. ಆರ್ಕಿಡ್‌ನ ಎಲೆ ನೆಲಮಟ್ಟದಲ್ಲಿರುವುದರಿಂದ ಚಳಿಗಾಲದಲ್ಲಿ ಬೆಳಕೇ ಸಿಗದು.

ಈ ಗುಡ್ಡಗಳನ್ನು ಸಾವಿರಾರು ವರ್ಷ ಬೋಳಾಗಿ ಇಟ್ಟದ್ದು ಕುರಿ. ಹಗಲು ಗುಡ್ಡದಲ್ಲಿ ಮೇಯಿಸಿ, ರಾತ್ರಿ ಕೆಳಗಿನ ಹೊಲದಲ್ಲಿ ಕೂಡುತ್ತಿದ್ದರು. ಗೊಬ್ಬರ ಹೊಲಕ್ಕೆ ಹೋಯಿತು, ಗುಡ್ಡ ಬಡವಾಗುತ್ತಲೇ ಹೋಯಿತು. ನಮ್ಮ ಉತ್ತರ ಕರ್ನಾಟಕದಲ್ಲಿ ಹೊಲದಲ್ಲಿ ಕುರಿ ಕೂಡಿಸುತ್ತಾರಲ್ಲ, ಅದೇ ಪದ್ಧತಿ. ಜೊತೆಗೆ ಮೊಲಗಳೂ ಮೇಯುತ್ತಿದ್ದವು. 1953ರಲ್ಲಿ ಮಿಕ್ಸೊಮಟೋಸಿಸ್ ಎಂಬ ರೋಗ ಬ್ರಿಟನ್ನಿಗೆ ಬಂದು ಎರಡು ವರ್ಷದಲ್ಲಿ ಮೊಲಗಳ ಸಂತತಿಯೇ ಕುಸಿಯಿತು. ಕುರಿ ಸಾಕಣೆಯೂ ಕಡಿಮೆಯಾಗಿತ್ತು. ಗುಡ್ಡಗಳ ಮೇಲೆ ಪೊದೆ ಹಬ್ಬಿತು. ಸಮತಟ್ಟು ಜಾಗಗಳನ್ನು ಉತ್ತು ರಾಸಾಯನಿಕ ಗೊಬ್ಬರ ಹಾಕಿದರು. ಎರಡನೇ ಮಹಾಯುದ್ಧದ ನಂತರ ಸುಣ್ಣದ ಹುಲ್ಲುಗಾವಲಿನಲ್ಲಿ ಶೇಕಡಾ 80ರಷ್ಟು ಹೋಯಿತು ಎಂದು ಸಂರಕ್ಷಣೆ ಮಾಡುವವರು ಹೇಳುತ್ತಾರೆ. ದೊಡ್ಡ ನೀಲಿ ಚಿಟ್ಟೆ 1979ರಲ್ಲಿ ಬ್ರಿಟನ್ನಿನಿಂದ ಅಳಿದದ್ದರ ಹಿಂದೆಯೂ ಹುಲ್ಲು ಎತ್ತರವಾದ ಕಥೆಯೇ ಇದೆ. ಅದರ ಮರಿಹುಳುವನ್ನು ಸಾಕುವ ಇರುವೆಗೆ ಗಿಡ್ಡ ಹುಲ್ಲಿನ ಬೆಚ್ಚನೆ ನೆಲ ಬೇಕಿತ್ತು. ಆಮೇಲೆ ಹೊರಗಿನಿಂದ ತಂದು ಮತ್ತೆ ಬಿಟ್ಟರು.

ಆದ್ದರಿಂದ ನಿಮ್ಮ ಅಂಗಳದಲ್ಲಿ ಕುರಿಯ ಕೆಲಸ ನೀವು ಮಾಡಬೇಕು. ಮಾರ್ಚ್ ಕೊನೆಯ ತನಕ ಬೇಕಾದರೆ ಯಂತ್ರದ ಅಲಗು ಎತ್ತರಿಸಿ ಒಮ್ಮೆ ಓಡಿಸಿ, ಎಲೆಗೊಂಚಲಿಗೆ ತಾಗಬಾರದು. ಏಪ್ರಿಲ್‌ನಿಂದ ಆ ಭಾಗ ಮುಟ್ಟಬೇಡಿ. ಹೂ ಮುಗಿದ ಮೇಲೆ ಕಡ್ಡಿ ಒಣಗಿ ಅಸಹ್ಯ ಕಾಣುತ್ತದೆ, ಆಗಲೂ ಮುಟ್ಟಬೇಡಿ. ಕಾಯಿ ಕಂದಾಗಿ ಸೀಳಿ ಧೂಳು ಹಾರಿಹೋಗಲಿ. ಅದು ಆಗಸ್ಟ್ ಹೊತ್ತಿಗೆ ಆಗುತ್ತದೆ. ಆಮೇಲೆ ಗಿಡ್ಡವಾಗಿ ಕತ್ತರಿಸಿ.

ಕತ್ತರಿಸಿದ ಹುಲ್ಲನ್ನು ಕಡ್ಡಾಯವಾಗಿ ಗುಡಿಸಿ ಆಚೆ ಹಾಕಿ. ಅಲ್ಲೇ ಬಿಟ್ಟರೆ ಅದು ಕೊಳೆತು ಗೊಬ್ಬರ ಆಗುತ್ತದೆ. ಎಷ್ಟೋ ಕಡೆ ರಸ್ತೆ ಬದಿಯ ಆರ್ಕಿಡ್‌ಗಳು ಹೋಗುವುದು ಕತ್ತರಿಸಿದ್ದರಿಂದಲ್ಲ, ಕತ್ತರಿಸಿದ್ದನ್ನು ಎತ್ತದೇ ಇದ್ದದ್ದರಿಂದ. ಇದನ್ನು ಇನ್ನೊಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ.

ಅಂಗಡಿಯಲ್ಲಿ ಸಿಗುವ ಗೊಬ್ಬರ, ಕಳೆನಾಶಕ ಸೇರಿದ ಪುಡಿ ಬೇಡ. ಹಾವಸೆ ಕೊಲ್ಲುವ ಕಬ್ಬಿಣದ ಸಲ್ಫೇಟ್ ಬೇಡ, ಅದು ಮಣ್ಣನ್ನು ಹುಳಿ ಮಾಡುತ್ತದೆ. ಶಿಲೀಂಧ್ರನಾಶಕ ಅಂತೂ ಬೇಡವೇ ಬೇಡ. ನಾಯಿ ಸಾಕಿದ್ದರೆ ಅದನ್ನು ಆ ಮೂಲೆಗೆ ಬಿಡಬೇಡಿ. ನಾಯಿಯ ಮಲ, ಮೂತ್ರ ಕೂಡ ಗೊಬ್ಬರವೇ. ಗುಡ್ಡಕ್ಕೆ ವಾಕಿಂಗ್ ಹೋದಾಗಲೂ ಎತ್ತಿ ತನ್ನಿ.

ಪಕ್ಕದ ಬೀದಿ

ನಮ್ಮ ರಸ್ತೆ ತಿರುವಿನ ಹುಲ್ಲಿನಲ್ಲೂ ಇವು ಬರುತ್ತಿದ್ದವು. ಸ್ಥಳೀಯ ಆಡಳಿತದವರು ಪ್ರತಿ ಸಲ ಜೂನ್‌ನಲ್ಲೇ ಕತ್ತರಿಸುತ್ತಾರೆ. ದೂರು ಕೊಟ್ಟರೆ ವಾಹನ ಕಾಣಿಸಬೇಕು, ಸುರಕ್ಷತೆ ಅಂತಾರೆ. ಏನು ಮಾಡೋದು? ಬೇಸರವಾಗುತ್ತದೆ.

ಕೆಂಟ್ ಕನ್ನಡಿಗ

ದೂರು ಅಂತ ಬರೆಯಬೇಡಿ, ಮಾಹಿತಿ ಅಂತ ಬರೆಯಿರಿ. ಹೂ ಇರುವಾಗ ಫೋಟೋ, ಜಾಗದ ನಕ್ಷೆ, ಯಾವ ತಿಂಗಳು ಕತ್ತರಿಸಬೇಕು, ಇಷ್ಟು ಕೊಡಿ. ತಿರುವಿನ ಅಂಚಿನ ಒಂದು ಮೀಟರ್ ಅವರು ಕತ್ತರಿಸಿಕೊಳ್ಳಲಿ, ಹಿಂದಿನ ಭಾಗ ಆಗಸ್ಟ್ ತನಕ ಬಿಡಲಿ. ಇಂಥ ಮಧ್ಯದ ದಾರಿಗೆ ಒಪ್ಪುವವರು ಇದ್ದಾರೆ. ಖರ್ಚು ಉಳಿಯುತ್ತದೆ ಎನ್ನುವುದನ್ನೂ ಸೇರಿಸಿ, ಅದು ಕೆಲಸ ಮಾಡುತ್ತದೆ.

ಡಾರ್ಸೆಟ್‌ನ ವೇಮತ್ ರಿಲೀಫ್ ರಸ್ತೆಯ ಉದಾಹರಣೆ ಕೊಡಿ. 2011ರಲ್ಲಿ ತೆರೆದ ಆ ರಸ್ತೆಗೆ ಸುಣ್ಣದ ಗುಡ್ಡ ಸೀಳಿದಾಗ, ಇಳಿಜಾರಿನ ಮೇಲೆ ದಪ್ಪ ಮೇಲ್ಮಣ್ಣು ಹರಡಲಿಲ್ಲ. ಸುಣ್ಣವನ್ನು ಹೆಚ್ಚುಕಡಿಮೆ ಬೋಳಾಗಿ ಬಿಟ್ಟು ಕಾಡುಹೂಗಳ ಬೀಜ ಹಾಕಿದರು. ಹುಲ್ಲು ಜಾಸ್ತಿ ಬೆಳೆಯುವುದೇ ಇಲ್ಲ, ಕತ್ತರಿಸುವ ಖರ್ಚೂ ಕಡಿಮೆ. ಬ್ರಿಟನ್ನಿನ ಚಿಟ್ಟೆ ಜಾತಿಗಳಲ್ಲಿ ಸುಮಾರು ಅರ್ಧದಷ್ಟು ಅಲ್ಲಿ ಕಾಣಿಸಿಕೊಂಡಿವೆ.

ಪಕ್ಕದ ಬೀದಿ

ಇದು ಉಪಯೋಗದ ಮಾತು. ಜಾಗದ ನಕ್ಷೆಯನ್ನು ಇಲ್ಲೂ ಹಾಕಲಾ? ಹತ್ತಿರದವರು ಬಂದು ನೋಡಬಹುದು.

ಹುಲ್ಲುಗಾವಲು

ದಯವಿಟ್ಟು ಹಾಕಬೇಡಿ. ಆಡಳಿತದವರಿಗೆ ಮತ್ತು ನಿಮ್ಮ ಜಿಲ್ಲೆಯ ಸಸ್ಯ ದಾಖಲೆ ಇಡುವವರಿಗೆ ಮಾತ್ರ ಕೊಡಿ. ಬೀ ಆರ್ಕಿಡ್ ಅಷ್ಟು ಅಪರೂಪವಲ್ಲ ನಿಜ, ಆದರೂ ಕೀಳುವವರು ಇದ್ದಾರೆ. ಫೋಟೋ ತೆಗೆಯಲು ಮಲಗಿ ಪಕ್ಕದ ಎಲೆ ಜಜ್ಜುವವರು ಇನ್ನೂ ಜಾಸ್ತಿ.

ಮಿಲಿಟರಿ ಆರ್ಕಿಡ್ ಬ್ರಿಟನ್ನಿನಲ್ಲಿ ಅಳಿದೇ ಹೋಯಿತು ಎಂದು ಎಲ್ಲರೂ ನಂಬಿದ್ದಾಗ, 1947ರಲ್ಲಿ ಸಸ್ಯತಜ್ಞ ಲೌಸ್ಲಿ ಅವರಿಗೆ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಸಿಕ್ಕಿತು. ಅವರು ಜಾಗ ಹೇಳಲಿಲ್ಲ. ಆ ಮೌನದಿಂದಲೇ ಆ ಗಿಡಗಳು ಉಳಿದವು ಅನ್ನಬೇಕು. ಯಾರ್ಕ್‌ಶೈರ್‌ನ ಸುಣ್ಣಕಲ್ಲಿನ ನಾಡಿನ ಇನ್ನೊಂದು ಆರ್ಕಿಡ್, ಲೇಡೀಸ್ ಸ್ಲಿಪ್ಪರ್‌ನ ಕಥೆ ಇನ್ನೂ ಕಷ್ಟದ್ದು. ತೋಟಕ್ಕೆಂದು ಕಿತ್ತು ಕಿತ್ತು ಕೊನೆಗೆ ಕಾಡಿನಲ್ಲಿ ಒಂದೇ ಒಂದು ಗಿಡ ಉಳಿಯಿತು. ಅದಕ್ಕೆ ಕಾವಲು ಹಾಕಿದರು. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು ಬೀಜದಿಂದ ಸಸಿ ಮಾಡಿ ಮತ್ತೆ ನೆಟ್ಟರು.

ಲೂಟನ್ ವಾಸಿ

ಕಡ್ಡಿ ನೆಟ್ಟು ದಾರ ಕಟ್ಟಿದ್ದೇನೆ. ಕೆಂಟ್ ಅವರು ಹೇಳಿದಂತೆ ಮಗಳು ಭೂತಕನ್ನಡಿಯಲ್ಲಿ ಜೋತಾಡುವ ಹಳದಿ ಗಂಟು ನೋಡಿದಳು. ಕೊನೆಯ ಎರಡು ಪ್ರಶ್ನೆ. ಮುಂದಿನ ವರ್ಷವೂ ಇದೇ ಜಾಗದಲ್ಲಿ ಹೂ ಬರುತ್ತದಾ? ಹುಲ್ಲು ಇನ್ನೂ ತೆಳ್ಳಗೆ ಮಾಡಲು ಏನಾದರೂ ಉಪಾಯ ಇದೆಯಾ?

ಹುಲ್ಲುಗಾವಲು

ಬರಬಹುದು, ಬರದೇ ಇರಲೂಬಹುದು. ಒಮ್ಮೆ ಹೂ ಬಿಟ್ಟರೆ ಸಾಯುತ್ತದೆ ಎಂದು ಹಿಂದೆ ಅಂದುಕೊಂಡಿದ್ದರು. ಗುರುತು ಹಾಕಿ ವರ್ಷಗಟ್ಟಲೆ ನೋಡಿದ ಮೇಲೆ ಅದು ಸರಿಯಲ್ಲ ಎಂದು ಗೊತ್ತಾಯಿತು. ಕೆಲವು ಗಿಡ ಹಲವು ಸಲ ಹೂ ಬಿಡುತ್ತವೆ, ಕೆಲವು ನಡುವೆ ಬಿಡುವು ತೆಗೆದುಕೊಳ್ಳುತ್ತವೆ. ಹೂ ಕಾಣದಿದ್ದರೆ ನಿರಾಶರಾಗಿ ಜಾಗ ಅಗೆಯಬೇಡಿ. ಅಕ್ಟೋಬರ್ ಹೊತ್ತಿಗೆ ಮಂಡಿಯೂರಿ ಹುಡುಕಿ. ನೆಲಕ್ಕೆ ಒತ್ತಿಕೊಂಡ ಬೂದು ಹಸಿರಿನ ಎಲೆಗೊಂಚಲು ಕಂಡರೆ ಗಿಡ ಇದೆ ಅಂತ ಅರ್ಥ. ಪ್ರತಿಯೊಂದರ ಪಕ್ಕ ಸಣ್ಣ ಕಡ್ಡಿ ಚುಚ್ಚಿಡಿ. ಮೊಲದ ಕಾಟ ಇದ್ದರೆ ತಂತಿ ಬಲೆಯ ಬುಟ್ಟಿ ಮುಚ್ಚಿ.

ಹುಲ್ಲು ತೆಳ್ಳಗೆ ಮಾಡಲು ಯೆಲ್ಲೋ ರ‍್ಯಾಟಲ್ ಎಂಬ ಹಳದಿ ಹೂವಿನ ಗಿಡ ಇದೆ. ಅದು ಹುಲ್ಲಿನ ಬೇರಿಗೆ ತನ್ನ ಬೇರು ಹಾಕಿ ಸಾರ ಹೀರುತ್ತದೆ. ಒಂದೇ ವರ್ಷದ ಗಿಡ. ಬೀಜಕ್ಕೆ ಚಳಿ ತಗಲಿದರೆ ಮಾತ್ರ ಮೊಳೆಯುತ್ತದೆ, ಹಾಗಾಗಿ ಶರತ್ಕಾಲದಲ್ಲೇ ಹಾಕಬೇಕು. ಆಗಸ್ಟ್‌ನಲ್ಲಿ ಗಿಡ್ಡವಾಗಿ ಕತ್ತರಿಸಿ, ಹುಲ್ಲು ಗುಡಿಸಿ ತೆಗೆದು, ಆರ್ಕಿಡ್ ಇಲ್ಲದ ಕಡೆ ಕುಂಟೆಯಿಂದ ನೆಲ ಕೆರೆದು ಮಣ್ಣು ಕಾಣುವಂತೆ ಮಾಡಿ, ಬೀಜ ಚೆಲ್ಲಿ ಕಾಲಿಂದ ತುಳಿಯಿರಿ. ಹೋದ ವರ್ಷದ ಬೀಜ ಬೇಡ, ಅದೇ ಬೇಸಿಗೆಯಲ್ಲಿ ಕಟ್ಟಿದ್ದೇ ಆಗಬೇಕು, ಹಳತಾದರೆ ಮೊಳೆಯುವುದಿಲ್ಲ.

ಕುಂಡದ ತೋಟ

ನನ್ನ ಬಳಿ ಈ ವರ್ಷದ ರ‍್ಯಾಟಲ್ ಬೀಜ ಬಲಿಯುತ್ತಿದೆ. ಕಾಯಿ ಅಲ್ಲಾಡಿಸಿದರೆ ಗಲಗಲ ಸದ್ದು ಬರುವ ಹೊತ್ತಿಗೆ ಕೊಯ್ಯುತ್ತೇನೆ. ಲೂಟನ್ ಅವರೇ, ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸಿ. ಆಗಸ್ಟ್ ಮೊದಲ ವಾರ ಅಂಚೆಗೆ ಹಾಕುತ್ತೇನೆ.

ಲೂಟನ್ ವಾಸಿ

ಕಳಿಸಿದ್ದೇನೆ ಸರ್. ಅಕ್ಟೋಬರ್‌ನಲ್ಲಿ ಎಷ್ಟು ಎಲೆಗೊಂಚಲು ಸಿಕ್ಕಿತು ಅಂತ ಇಲ್ಲೇ ಬರೆಯುತ್ತೇನೆ.